ಎರಡು ಕೆ.ಜಿ. ಆನೆ

ನಾಯಿ ಎದುರಿಗೇ ನಿಂತು ಬಾಲ ಅಲ್ಲಾಡಿಸುತ್ತಿತ್ತು. ವ್ಯವಸ್ಥಾಪಕರ ಕಂಪ್ಯೂಟರ್ ಪ್ರಕಾರ ಅಂಥ ನಾಯಿಯೇ ಇರಲಿಲ್ಲ.

"ಹತ್ತು ಗಂಟೆಗೆ ಬನ್ನಿ ಅಂತ ನಿಮ್ಮ ಆಸ್ಪತ್ರೆಯಿಂದಲೇ ಮೆಸೇಜ್ ಬಂತಲ್ಲ," ಎಂದು ನಾಯಿಯ ಯಜಮಾನ ಮೊಬೈಲ್ ತೋರಿಸಿದ. ವ್ಯವಸ್ಥಾಪಕರು ಮೊಬೈಲ್ ನೋಡಲಿಲ್ಲ. ಕೌಂಟರಿನಲ್ಲಿದ್ದ ದೊಡ್ಡಮ್ಮನನ್ನು ದುರುಗುಟ್ಟಿಕೊಂಡು ನೋಡಿದರು.

ದೊಡ್ಡಮ್ಮ ಆ ಪ್ರಾಣಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ಐವತ್ತೊಂದರ ವಯಸ್ಸು ನೋಡಿ ಎಲ್ಲರೂ ಹಾಗೆ ಕರೆಯುತ್ತಿದ್ದರು. ಜೀವನದಲ್ಲಿ ಇದು ಅವಳ ಮೊದಲ ಕೆಲಸ. ಇದಕ್ಕಾಗಿ ಮಗಳ ಪಕ್ಕ ಕೂತು ನಾಲ್ಕು ತಿಂಗಳು ಟೈಪಿಂಗ್ ಕಲಿತಿದ್ದಳು. ಕೆಲಸ ಕಾಯಂ ಆಗುವುದೋ ಇಲ್ಲವೋ, ಇವತ್ತು ತೀರ್ಮಾನ. ಬೆಳಿಗ್ಗೆಯಿಂದ ನಾಲ್ಕು ಸಲ ಕನ್ನಡಕ ಒರೆಸಿಕೊಂಡಿದ್ದಳು.

"ಇದು ಹದಿನೇಳನೇ ಪ್ರಾಣಿ," ಎಂದರು ವ್ಯವಸ್ಥಾಪಕರು, ಅವಳನ್ನು ಕೋಣೆಗೆ ಕರೆಸಿ. "ನೀವು ಬರೆದಿದ್ದು ಒಂದೂ ನನಗೆ ಕಾಣಲ್ಲ."

"ಬರೆದಿದೀನಿ ಸರ್. ನನ್ನ ಕಂಪ್ಯೂಟರಲ್ಲಿ ಕಾಣುತ್ತೆ."

"ಯಾಕೆ ಕಾಣುತ್ತೆ ಅಂತ ನಾನು ಹೇಳ್ತೀನಿ, ಕೂತ್ಕೊಳ್ಳಿ."

ಪಾಠ ಹೇಳುವುದೆಂದರೆ ಅವರಿಗೆ ಪ್ರಾಣ. ಸರ್ವರ್ ಒಂದೇ, ಡೇಟಾಬೇಸ್ ಎರಡು. ಒಂದು ಅಸಲಿ. ಇನ್ನೊಂದು ಅದರ ನಕಲು, ಹೊಸಬರು ಬೇಕಾದಷ್ಟು ತಪ್ಪು ಮಾಡಿ ಕಲಿಯಲೆಂದು ಇಟ್ಟದ್ದು. ಒಂದೇ ಮನೆಯಲ್ಲಿ ಎರಡು ಅಡುಗೆಮನೆ ಇದ್ದ ಹಾಗೆ. ಇಲ್ಲಿ ಬೇಯಿಸಿ ಅಲ್ಲಿ ಹುಡುಕಿದರೆ ಪಾತ್ರೆ ಖಾಲಿ.

"ಮೊದಲ ದಿನ ಇಲ್ಲೇ ನನ್ನ ಪಕ್ಕ ಕೂರಿಸಿಕೊಂಡು, ಅಭ್ಯಾಸದ್ದನ್ನು ತೆರೆದು ಎರಡು ಗಂಟೆ ಹೇಳಿಕೊಟ್ಟೆ. ನೀವು ಇನ್ನೂ ಅದರಲ್ಲೇ ಇದ್ದೀರಿ! ಮತ್ತೆ ಇದೇನಿದು? ಆನೆ. ತೂಕ ಎರಡು ಕೆ.ಜಿ. ಹಲ್ಲುನೋವು. ಇದು ಆಸ್ಪತ್ರೆಯೋ, ಸರ್ಕಸ್ಸೋ?"

ದೊಡ್ಡಮ್ಮ ಬಗ್ಗಿ ಅವರ ಪರದೆ ನೋಡಿದಳು. "ನನ್ನದರಲ್ಲಿ ಆನೆ ಇಲ್ಲ ಸರ್."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನಾನು ಗೊತ್ತುಮಾಡಿದ ಆಪರೇಷನ್ ಸಮಯ ಒಂದೂ ಡಾಕ್ಟರಿಗೆ ಸಿಗ್ತಾ ಇಲ್ಲ. ಅದನ್ನೂ ನೀವೇ ಅಳಿಸಿರಬೇಕು."

ಅಭ್ಯಾಸದಲ್ಲಿ ಕೂತವಳು ಅಸಲಿಯದನ್ನು ಹೇಗೆ ಅಳಿಸಿಯಾಳು ಎಂದು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ. ವ್ಯವಸ್ಥಾಪಕರು ಸಿಬ್ಬಂದಿ ಪಟ್ಟಿ ತೆರೆದರು. ಅವಳ ಹೆಸರು ಹುಡುಕಿದರು. ಒಂದು ಗುಂಡಿ ಒತ್ತಿದರು. ಹೆಸರು ಹೋಯಿತು.

"ಇನ್ನು ನಿಮ್ಮ ಪಾಸ್‌ವರ್ಡ್ ನಡೆಯಲ್ಲ. ಹೊರಡಿ."

ಮಗಳಿಗೆ ಏನು ಹೇಳುವುದೆಂದು ಯೋಚಿಸಿ ದೊಡ್ಡಮ್ಮನ ಕಣ್ಣು ತುಂಬಿತು. ಬ್ಯಾಗ್ ತೆಗೆದುಕೊಳ್ಳಲು ಕೌಂಟರಿಗೆ ಬಂದರೆ ಅಲ್ಲೊಬ್ಬ ತಾತ, ಅವನ ತೋಳಲ್ಲಿ ಕಾಲು ಮುರಿದ ಬೆಕ್ಕು.

"ಬೇಗ ನೋಡಮ್ಮ, ತುಂಬಾ ನೋವು ಪಡ್ತಾ ಇದೆ."

ಬೆಕ್ಕಿನ ಮುಖ ನೋಡಿ ಅವಳಿಗೆ ಇಲ್ಲವೆನ್ನಲು ಆಗಲಿಲ್ಲ. ಕೂತಳು. ರೂಢಿಯಂತೆ ಪಾಸ್‌ವರ್ಡ್ ಒತ್ತಿದಳು. ಪರದೆ ತೆರೆದುಕೊಂಡಿತು. ಬೆಕ್ಕಿನ ವಿವರ ಬರೆದು ಮುಗಿಸುವಷ್ಟರಲ್ಲಿ ತಾತನ ಜೇಬಿನಲ್ಲಿ ಮೊಬೈಲ್ ಟಿಣ್ ಎಂದಿತು, ಒಳಗಿನಿಂದ ಡಾಕ್ಟರೇ ಬೆಕ್ಕನ್ನು ಕರೆದರು.

ಅದೇ ಹೊತ್ತಿಗೆ ಸರ್ವರ್ ನೋಡಿಕೊಳ್ಳುವ ಇಂಜಿನಿಯರಮ್ಮ ವ್ಯವಸ್ಥಾಪಕರ ಕೋಣೆಗೆ ಬಂದಳು.

"ಬನ್ನಿ, ಬನ್ನಿ. ಕೌಂಟರಿನವರು ಮೂರು ವಾರ ಅಭ್ಯಾಸದಲ್ಲೇ ಕೆಲಸ ಮಾಡಿಬಿಟ್ಟಿದ್ದಾರೆ. ಅದನ್ನೆಲ್ಲ ಅಸಲಿಗೆ ತರಬೇಕು. ಎಷ್ಟು ಹೊತ್ತಾಗುತ್ತೆ?"

ಇಂಜಿನಿಯರಮ್ಮ ಅವರ ಪರದೆಯನ್ನೊಮ್ಮೆ ನೋಡಿದಳು. ಅವಳಿಗೆ ನಗು ತಡೆಯಲಾಗಲಿಲ್ಲ.

"ಅಭ್ಯಾಸದ್ದು ಯಾವುದು ಅಂತ ಗುರುತು ಸಿಗಲಿ ಅಂತ ಈ ಆನೆಯನ್ನ ಅದಕ್ಕೆ ಸೇರಿಸಿದ್ದು ನಾನೇ, ಸರ್."