ವಾಸನೆ

ಕಾಲೇಜಿನ ದಿನಗಳಿಂದ ನಂಬಿಕೊಂಡಿದ್ದ ಡಿಯೋಡರೆಂಟ್ ಈಚೆಗೆ ವಾರಿಜಾಗೆ ಕೈಕೊಟ್ಟಿತ್ತು. ಊಟ ಬಡಿಸಲು ಹತ್ತಿರ ಹೋದರೆ ಗಂಡ ಮುಖ ತಿರುಗಿಸುತ್ತಿದ್ದ. ಸೆಖೆಯ ನೆಪ ಹೇಳಿ ಹಾಲ್‌ನಲ್ಲಿ ಮಲಗತೊಡಗಿದ್ದ. ಎಲ್ಲದಕ್ಕೂ ತನ್ನ ಬೆವರೇ ಕಾರಣವೆಂದು ಅವಳಿಗೆ ಖಾತ್ರಿಯಾಗಿಹೋಗಿತ್ತು.

ಒದ್ದೆ ಮೈಗೆ ಹಚ್ಚಿದರೆ ಡಿಯೋಡರೆಂಟ್ ಕೆಲಸ ಮಾಡುವುದಿಲ್ಲ ಎಂದು ಡಾಕ್ಟರು ಹೇಳಿದ್ದರಿಂದ, ಮಲಗುವ ಮುಂಚೆ ಮೈ ಚೆನ್ನಾಗಿ ಒಣಗಿಸಿಕೊಂಡು ಹಚ್ಚಿದಳು. ಬೆವರು ಹಿಡಿದ ರವಿಕೆಗಳನ್ನೆಲ್ಲ ಅಡುಗೆ ಸೋಡಾದಲ್ಲಿ ನೆನೆಸಿ ಒಗೆದಳು. ಬೆಳ್ಳುಳ್ಳಿಯನ್ನೂ ಬಿಟ್ಟಳು. ಕಂಕುಳು ಉರಿಯುವಷ್ಟು ಉಜ್ಜಿ ಸ್ನಾನ ಮಾಡಿ ಬಂದರೂ, ಅವನು ದಿಂಬು ಎತ್ತಿಕೊಂಡು ಹಾಲ್‌ಗೇ ಹೊರಟ.

ವಾರಿಜಾ ಬಾಗಿಲಿಗೆ ಅಡ್ಡ ನಿಂತಳು.

"ಇನ್ನು ನನ್ನ ಕೈಲಾಗಲ್ಲ ರೀ. ಇವತ್ತು ನಿಜ ಹೇಳಿಬಿಡಿ."

"ಏನೇ ನಿಜ?"

"ನೀವು ಯಾಕೆ ದೂರ ಮಲಗ್ತೀರ ಅಂತ ನನಗೇನು ಗೊತ್ತಿಲ್ವಾ?"

"ಸೆಖೆ ಅಂದ್ನಲ್ಲ ಮಾರಾಯ್ತಿ."

"ಸೆಖೆ ಅಲ್ಲ, ವಾಸನೆ!" ಎನ್ನುತ್ತಲೇ ಅವಳಿಗೆ ಅಳು ಒತ್ತರಿಸಿಕೊಂಡು ಬಂತು.

ಅವನ ಕೈಯಿಂದ ದಿಂಬು ಜಾರಿತು.

"ನಿನಗೆ ಯಾವಾಗ ಬಡೀತು ವಾಸನೆ? ಅವಳೇ ಫೋನ್ ಮಾಡಿ ಹೇಳಿದ್ಲಾ?"