ಮೂರನೆಯ ಶಾಲೆಯ ಕಿಟಕಿ

ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿರುವ ಮುರಿಗೆಪ್ಪನವರಿಗೆ ಒಬ್ಬಳೇ ಮಗಳು... ಸಿಂಚನಾ. ಏಳನೇ ತರಗತಿ ಮುಗಿಸಿದ್ದಳು.

ಹುಡುಗಿ ಚುರುಕು. ಆದರೆ ಮಾತು ಉಗ್ಗುತ್ತಿತ್ತು. ಮೊದಲ ಅಕ್ಷರ ತುಟಿಯ ಹತ್ತಿರ ಬಂದು ಅಲ್ಲೇ ನಿಂತುಬಿಡುತ್ತಿತ್ತು...

ಮುಂದಿನದನ್ನು ಅಪ್ಪ ಮುಗಿಸಿಬಿಡುತ್ತಿದ್ದರು. ಮಗಳು ನಾಲ್ಕು ಜನರ ಎದುರು ಒದ್ದಾಡುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲ. ಪ್ರೀತಿ... ಬೇರೇನಲ್ಲ.

ಹೈಸ್ಕೂಲಿಗೆ ಅವಳನ್ನು ಒಳ್ಳೆಯ ಪ್ರೈವೇಟ್ ಶಾಲೆಗೇ ಹಾಕಬೇಕೆಂದು ಮೂರು ಶಾಲೆಗಳನ್ನು ಆರಿಸಿಕೊಂಡಿದ್ದರು. ಒಂದು ಶನಿವಾರ ಹೆಂಡತಿ ಮಂಗಳಾ ಮತ್ತು ಮಗಳನ್ನು ಕೂರಿಸಿಕೊಂಡು ಕಾರು ಹೊರಡಿಸಿದರು.

"ರಿಸಲ್ಟ್ ನೋಡಬೇಕು, ಗ್ರೌಂಡ್ ನೋಡಬೇಕು, ಮುಂದ ಎಂಥಾ ಕಾಲೇಜಿನ್ಯಾಗ ಸೀಟ್ ಸಿಗ್ತಾವು ಅದನ್ನೂ ನೋಡಬೇಕು," ಎಂದರು ಮುರಿಗೆಪ್ಪ.

"ಬಿತ್ತೋ ಬೀಜ ಆರಿಸಿದಂಗ ಆರಸಾಕತ್ತೀರಿ," ಎಂದು ಮಂಗಳಾ ನಕ್ಕರು.

"ಮತ್ತ? ಬಿತ್ತಿದ ಮ್ಯಾಲ ಬದಲಿ ಮಾಡಾಕ ಬರತೈತೇನು?"

ಮೊದಲನೆಯ ಶಾಲೆಯ ಗೋಡೆ ತುಂಬ ಟಾಪರ್‌ಗಳ ಫೋಟೋ. ಇವರು ಮೆಡಿಕಲ್, ಇವರು ಐಐಟಿ... ಮುರಿಗೆಪ್ಪನವರು ಕತ್ತು ಎತ್ತಿ ಎಲ್ಲವನ್ನೂ ಓದಿದರು.

"ಮುಂದೆ ಏನಾಗಬೇಕು ಅಂತಿದ್ದೀಯಾ, ಪುಟ್ಟಾ?" ಅಡ್ಮಿಷನ್ ನೋಡಿಕೊಳ್ಳುವವರು ಕೇಳಿದರು.

"ನ... ನ..."

"ಡಾಕ್ಟರ್ ಸರ್," ಎಂದರು ಅಪ್ಪ.

"ವೆರಿ ಗುಡ್," ಎಂದರು ಅವರು.

ಎರಡನೆಯ ಶಾಲೆಯಲ್ಲಿ ಹಸಿರು ಮೈದಾನ, ಈಜುಕೊಳ, ರಬ್ಬರಿನಂಥ ಓಟದ ಟ್ರ್ಯಾಕ್. ಕೋಚ್ ಕೇಳಿದರು, "ಯಾವ ಆಟ ಇಷ್ಟಮ್ಮಾ ನಿನಗೆ?"

ಸಿಂಚನಾ ಬಾಯಿ ತೆರೆದಳು ಅಷ್ಟೇ...

"ಕಬಡ್ಡಿ ಅಂದ್ರ ಜೀವ ಸರ್. ನಮ್ಮ ಕಡೆ ಎಲ್ಲೇ ಮ್ಯಾಚ್ ಇರಲಿ, ಈಕಿನ್ನ ಕರಕೊಂಡು ಹೋಗಬೇಕು. ಮೈಕಿನ ಟೇಬಲ್ ಪಕ್ಕ ನಿಂತ್ಲಂದ್ರ ಮುಗಿಯೋತನಕಾ ಕದಲಂಗಿಲ್ಲ."

"ಎತ್ತರ ಇದ್ದಾಳೆ. ರೇಡರ್ ಮಾಡೋಣ ಬಿಡಿ."

ಹುಡುಗಿ ತಲೆ ತಗ್ಗಿಸಿ ಕಾಲಿನ ಹೆಬ್ಬೆರಳು ನೋಡತೊಡಗಿದಳು. ಅದನ್ನು ಕಂಡದ್ದು ತಾಯಿ ಒಬ್ಬರೇ.

ಮೂರನೆಯದು ಹಳೆಯ ಶಾಲೆ. ರಿಸಲ್ಟ್ ಪರವಾಗಿಲ್ಲ, ಆಟದ ಜಾಗ ಕೆಂಪು ಮಣ್ಣಿನದು, ಕಾಲೇಜು ಸೀಟಿನ ಮಾತು ಅಷ್ಟಕ್ಕಷ್ಟೇ.

"ಬಂದೀವಲ್ಲ, ಮುಖ ತೋರಿಸಿ ಹೋಗೂಣು," ಎಂದು ಮುರಿಗೆಪ್ಪನವರು ಚಪ್ಪಲಿ ಬಿಟ್ಟು ಒಳಗೆ ಹೋದರು.

ಹೆಡ್ ಮೇಡಂ ವಯಸ್ಸಾದವರು. ಹುಡುಗಿಯನ್ನು ಎದುರಿಗೇ ಕೂರಿಸಿಕೊಂಡರು. "ಏನವ್ವಾ, ನಿನಗ ಯಾವುದರಾಗ ಆಸೆ?"

"ನ... ನ..."

"ಕಬಡ್ಡಿ ಅಂದ್ರ..."

"ತಡೀರಿ ಸಾಹುಕಾರ್ರ. ನಿಮ್ಮ ಆಸೆ ಆಮ್ಯಾಲ ಕೇಳ್ತೀನಿ."

ಮೇಡಂ ಕೈಕಟ್ಟಿ ಕುಳಿತರು... ಈ ದಿನ ಬೇರೆ ಕೆಲಸವೇ ಇಲ್ಲ ಎನ್ನುವವರ ಹಾಗೆ.

ಫ್ಯಾನ್ ತಿರುಗುತ್ತಿತ್ತು. ಆಯಾ ಚಹಾ ತಂದಿಟ್ಟು ಹೋದಳು. ಮುರಿಗೆಪ್ಪನವರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

"ನ... ನನಗ... ಆಡಾಕ ಅಲ್ಲ್ರೀ... ಮೈ... ಮೈಕಿನ್ಯಾಗ... ಆಟ ಹೇ... ಹೇಳಾಕ ಆಸೆರೀ."

ಕಾಮೆಂಟ್ರಿ...

ಮುರಿಗೆಪ್ಪನವರು ಮಗಳತ್ತ ತಿರುಗಿದರು. ಅಷ್ಟೊಂದು ಮ್ಯಾಚ್‌ಗಳಲ್ಲಿ ಅವಳ ಪಕ್ಕದಲ್ಲೇ ನಿಂತಿದ್ದರು. ಮೈಕಿನ ಹತ್ತಿರವೇ ಯಾಕೆ ನಿಲ್ಲುತ್ತೀ ಎಂದು ಒಮ್ಮೆಯೂ ಕೇಳಿರಲಿಲ್ಲ.

ಮೇಡಂ ನಗಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೊರಗ ನಮ್ಮ ಹುಡುಗೀರು ಕಬಡ್ಡಿ ಆಡಾಕತ್ತಾರ. ನನಗೀಗ ಕಾಣವಲ್ತು. ಕಿಟಕಿಗೆ ಹೋಗಿ ಏನ್ ನಡದೈತಿ ಹೇಳು."

ಸಿಂಚನಾ ಕಿಟಕಿಯ ಸರಳು ಹಿಡಿದು ನಿಂತಳು.

"ನೀ... ನೀಲಿ ರಿಬ್ಬನ್ನಿನಾಕಿ ಒಳಗ ಬಂದ್ಲು... ಎ... ಎಡಗಡೆ ಮೂಲಿ ಖಾಲಿ ಐತಿ, ಆಕಿ ನೋಡವಲ್ಲಳು... ಹಿ... ಹಿಂದ ಒಬ್ಬಾಕಿ ಹೊಂಚು ಹಾಕ್ಯಾಳ... ಕಾ... ಕಾ..."

ಹೊರಗೆ ಆ ರೇಡ್ ಮುಗಿದೇ ಹೋಗಿತ್ತು. ಒಳಗೆ ಮಾತ್ರ ಇನ್ನೂ ನಡೆದಿತ್ತು.

"...ಕಾಲು ಸಿಕ್ತು!"

"ಬಿಡಿಸಿಕೊಂಡ್ಲೋ ಇಲ್ಲೋ?" ಮೇಡಂ ಕುರ್ಚಿಯಿಂದ ಮುಂದಕ್ಕೆ ಬಾಗಿದ್ದರು.

"ಬಿ... ಬಿಡಿಸಿಕೊಂಡ್ಲು ರೀ. ಗೆ... ಗೆರಿ ಮುಟ್ಟಿದ್ಲು."

ಮಂಗಳಾ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮಗಳು ಇಷ್ಟು ಉದ್ದ ಮಾತಾಡಿದ್ದನ್ನು ಆ ಮನೆ ಕೇಳಿಯೇ ಇರಲಿಲ್ಲ.

"ಉಗ್ಗು ಹೋಗಸ್ತೀನಿ ಅಂತ ನಾ ಮಾತು ಕೊಡಂಗಿಲ್ಲ," ಎಂದರು ಮೇಡಂ, ಕನ್ನಡಕ ಹಾಕಿಕೊಳ್ಳುತ್ತ. "ಸ್ಪೋರ್ಟ್ಸ್ ಡೇ ದಿವಸ ಮೈಕ್ ಕೊಡ್ತೀನಿ. ಅಷ್ಟು ನನ್ನ ಕೈಯಾಗ ಐತಿ."

ಕಾರಿಗೆ ಬಂದರು. ಮುರಿಗೆಪ್ಪನವರು ಕೀಲಿ ಹಾಕಿದರು, ತಿರುಗಿಸಲಿಲ್ಲ.

"ಯಾವ ಸಾಲಿ ಬೇಕವ್ವಾ ನಿನಗ?"

"ಮೂ... ಮೂ..."

ಅಪ್ಪನಿಗೆ ಆ ಮಾತು ಗೊತ್ತಿತ್ತು. ನಾಲಿಗೆಯ ತುದಿಗೇ ಬಂದಿತ್ತು. ತುಟಿ ಕಚ್ಚಿ ಹಿಡಿದರು... ಒಂದು ಟ್ರ್ಯಾಕ್ಟರ್ ನಿಧಾನಕ್ಕೆ ಬಂದು, ದಾಟಿ, ತಿರುವಿನಲ್ಲಿ ಮರೆಯಾಯಿತು.

"ಮೂರನೇದು," ಎಂದಳು ಸಿಂಚನಾ. ಆಮೇಲೆ ಮೆಲ್ಲಗೆ, "ಅ... ಅಪ್ಪಾ... ನೀ ಕಾದಿ."

ಮುರಿಗೆಪ್ಪನವರು ಏನೋ ಹೇಳಲು ಹೋದರು. ಈ ಸಲ ಮಾತು ಸಿಕ್ಕಿಕೊಂಡದ್ದು ಅವರ ಗಂಟಲಲ್ಲಿ...

ಮಗಳು ಕಾದಳು.

*

ಮಕ್ಕಳ ಮಾತನ್ನು ನಾವೇ ಮುಗಿಸಿಕೊಡುವುದೂ ಪ್ರೀತಿಯೇ... ಅದು ಮುಗಿಯುವ ತನಕ ಕಾಯುವುದು ಅದಕ್ಕಿಂತ ದೊಡ್ಡ ಪ್ರೀತಿ.

ನಿಮ್ಮ ಮನೆಯಲ್ಲಿ ಯಾರ ಮಾತು ಇನ್ನೂ ಅರ್ಧಕ್ಕೇ ನಿಂತಿದೆ?