ಕಂಬದ ಬುಡದ ಎಲೆ

ಜ್ವರ ನೋಡುವ ಹಾಗೆ ನೆಮ್ಮದಿ ನೋಡುವುದು ನಮ್ಮೂರಲ್ಲಿ ಹೊಸದೇನಲ್ಲ. ಹುಣ್ಣಿಮೆಯ ದಾಸೋಹದ ದಿನ ನರ್ಸ್ ದಾನಮ್ಮ ಮಠಕ್ಕೇ ಬಂದು, ಯಾವುದಾದರೊಂದು ತಿನಿಸು ಒಗ್ಗದ ಹರೆಯದ ಮಕ್ಕಳ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟುತ್ತಾಳೆ. ನೆಮ್ಮದಿ ನೂರಕ್ಕೆ ಎಷ್ಟೆಂದು ಅದು ತೋರಿಸುತ್ತದೆ.

ಹದಿನೈದರ ಶಿವಲೀಲಾಳಿಗೆ ಶೇಂಗಾ ಆಗದು. ನಾಲಿಗೆಗೆ ತಾಕಿದರೆ ಉಸಿರು ಕಟ್ಟುತ್ತದೆ. ಅದಕ್ಕೇ ಅಜ್ಜಿ ಮನೆಯಿಂದ ಬುತ್ತಿ ತಂದು, ಪಂಕ್ತಿಯಿಂದ ದೂರ, ಕಂಬದ ಬುಡದಲ್ಲಿ ಅವಳ ಎಲೆ ಹಾಕುತ್ತಾಳೆ.

ಈ ಹುಣ್ಣಿಮೆಗೆ ಅವಳ ಪಟ್ಟಿ ಇಪ್ಪತ್ತೆಂಟು ತೋರಿಸಿತು.

"ಹೋದ ಸಲ ನಲವತ್ತಿತ್ತು. ವರ್ಷದಾಗ ಒಮ್ಮೆನೂ ಉಸಿರು ಕಟ್ಟಿಲ್ಲ, ಮತ್ತ್ಯಾಕ ಇಳೀತು?" ಎಂದಳು ದಾನಮ್ಮ.

"ಶೇಂಗಾದ ಗಾಳಿ ತಾಗಿರಬೇಕವ್ವ. ಇನ್ನೊಂದು ಕಂಬ ದೂರ ಕೂಡಸ್ತೀನಿ," ಎಂದು ಅಜ್ಜಿ ಎಲೆ ಎತ್ತಿದಳು.

ಶಿವಲೀಲಾ ಎಲೆಯ ತುದಿ ಬಿಡಲಿಲ್ಲ. ಪಂಕ್ತಿಯಲ್ಲಿ ಗೆಳತಿಯರು ಒಬ್ಬರ ಎಲೆಯ ಶೇಂಗಾ ಹೋಳಿಗೆಯನ್ನು ಇನ್ನೊಬ್ಬರು ಕದ್ದು ನಗುತ್ತಿದ್ದರು.

"ನನಗ ಹೋಳಿಗಿ ಬ್ಯಾಡ ಅಜ್ಜಿ. ಬಾಜೂಕ ಯಾರರ ಕೂತ್ರ ಸಾಕು."

ಅಜ್ಜಿ ಎತ್ತಿದ ಎಲೆಯನ್ನು ಮತ್ತೆ ಅಲ್ಲೇ ಹಾಸಿದಳು. ಆಮೇಲೆ ಪಂಕ್ತಿಯಲ್ಲಿ ತನಗಾಗಿ ಬಡಿಸಿದ್ದ ಎಲೆ ಬಿಟ್ಟು, ಸಾಬೂನು ಹಚ್ಚಿ ಕೈ ತೊಳೆದು ಬಂದು, ಮೊಮ್ಮಗಳ ಪಕ್ಕ ಕುಳಿತಳು.

"ಹಲ್ಲಿಲ್ಲದ ಬಾಯಿಗೆ ಶೇಂಗಾ ಯಾಕ? ಆ ಬುತ್ತಿ ಇತ್ತಾಗ ಸರಸು."

ದಾನಮ್ಮ ಮತ್ತೆ ಪಟ್ಟಿ ನೋಡಲು ಬಾಗಿದಳು. ಶಿವಲೀಲಾ ಅದನ್ನು ಅಂಗೈಯಿಂದ ಮುಚ್ಚಿಕೊಂಡಳು.

"ಈಗ ಬ್ಯಾಡ್ರಿ ಅಕ್ಕಾರ. ಉಣ್ಣಾಕತ್ತೀವಿ."

ಅಜ್ಜಿಯ ಕಡೆಗೆ ಒತ್ತಿಕೊಂಡೇ ಉಂಡಳು. ಗೆಳತಿಯರ ಕಡೆಯ ಇನ್ನೊಂದು ಮಗ್ಗುಲಲ್ಲಿ ಮಾತ್ರ ಒಂದು ಎಲೆ ಹಿಡಿಸುವಷ್ಟು ಜಾಗ ಬಿಟ್ಟಿದ್ದಳು.